ವಾಡೆಗೆ ಬಂದ ವಾರಸುದಾರ

ಹಳೆಯ ದೇಸಾಯಿ ವಾಡೆಯೊಂದನ್ನು ಪ್ರವಾಸಿಗರು ತಂಗಲೆಂದು ತೆರೆದಿದ್ದರು. ಮಲಗುವ ಕೋಣೆಯ ಗೋಡೆಗೆ ಅತಿಥಿಗಳಿಗಾಗಿ ಸೂಚನೆಗಳ ಹಾಳೆಯೊಂದನ್ನು ಅಂಟಿಸಿದ್ದರು: ಬೂಟು ಹೊರಗೆ ಬಿಡಿ, ಮಂಚದ ಮೇಲೆ ಊಟ ಮಾಡಬೇಡಿ, ಕಿಟಕಿಯ ಬಣ್ಣದ ಗಾಜು ಮುಟ್ಟಬೇಡಿ. ಆ ನೂರು ವರ್ಷದ ಮಂಚಕ್ಕೆ ಏನಾದರೂ ಆದರೆ ಕಾವಲುಗಾರ ದ್ಯಾಮಣ್ಣನ ಕೆಲಸ ಹೋಗುತ್ತಿತ್ತು.

ಒಂದು ಸಂಜೆ ತಂಗಲು ಬಂದ ಶೇಷಗಿರಿರಾಯರು ಬೂಟುಗಾಲಲ್ಲೇ ಒಳಗೆ ಬಂದು ಮಂಚದ ಮೇಲೆ ಕೂತರು. "ಊಟ ಇಲ್ಲಿಗೇ ತಾ" ಎಂದರು.

ದ್ಯಾಮಣ್ಣ ಹಾಳೆ ತೋರಿಸಿದ.

"ಅದು ಅತಿಥಿಗಳಿಗೆ. ನಾ ದೇಸಾಯರ ರಕ್ತ. ನಮ್ಮ ಮನ್ಯಾಗ ನನಗೇ ಸೂಚನೆ ಏನು?"

ದ್ಯಾಮಣ್ಣ ಎರಡೂ ಕೈ ಮುಗಿದ. "ಮನೀ ಮಂದಿ ಬಂದ್ರಲ್ಲ, ಛಲೋ ಆತ್ರಿ ಧಣ್ಯಾರ! ಇಷ್ಟು ದಿನ ಎಲ್ಲಾ ನಾ ಒಬ್ಬನೇ ಮಾಡ್ತಿದ್ದೆ."

ಹಾಳೆಯನ್ನು ಗೋಡೆಯಿಂದ ಮೆಲ್ಲಗೆ ಬಿಡಿಸಿ ಮಡಚಿಟ್ಟ. ಹೊರಗೆ ಹೋಗಿ ಕಸಬರಿಗೆ ತಂದು ರಾಯರ ಪಕ್ಕದ ಗೋಡೆಗೆ ಆನಿಸಿದ.

"ಧಾರವಾಡದಿಂದ ಹನ್ನೊಂದು ಮಂದಿ ಬರಾಕ ಹತ್ಯಾರ್ರಿ. ದೇಸಾಯರ ಪದ್ಧತಿ ನಿಮಗ ಗೊತ್ತೇ ಐತಿ. ಮನೀ ಹಿರ್ಯಾರು ಬಾಗಲದಾಗ ನಿಂತು ಕಾಲಿಗೆ ನೀರು ಕೊಡಬೇಕು. ಬಂದವರು ಉಂಡ ಮ್ಯಾಲೆ ತಾವು ಉಣ್ಣಬೇಕು. ಮಂಚ ಬಂದವರಿಗೆ, ಮನೀಯವರಿಗೆ ಪಡಸಾಲ್ಯಾಗ ಚಾಪಿ. ಆಳು ಬಿಟ್ಟು ಹೋಗ್ಯಾರ, ಅಂಗಳ ಗುಡಿಸೂದು ಮುಂಜಾನೆ ಐದಕ್ಕ."

ರಾಯರು ಕಸಬರಿಗೆ ನೋಡಿದರು. ಕಿಟಕಿಯಿಂದ ಅಂಗಳ ನೋಡಿದರು. ಅಂಗಳ ಬಹಳ ದೊಡ್ಡದಿತ್ತು. ಎದ್ದು ಹೊರಗೆ ಹೋಗಿ ಬೂಟು ಬಿಚ್ಚಿದರು.

"ದ್ಯಾಮಣ್ಣ, ವಿಚಾರ ಮಾಡಿದ್ರ ನಮ್ಮ ಸಂಬಂಧ ಭಾಳ ದೂರದ್ದು" ಎಂದರು.