ಮೂರನೆಯ ಪಾಲು

ಹೊಳೆ ಸಮುದ್ರ ಸೇರುವಲ್ಲಿ ನಡುನೀರಿನಲ್ಲಿದ್ದ ಆ ಕುದ್ರುವಿಗೆ ದೋಣಿ ಬಿಟ್ಟರೆ ದಾರಿಯಿಲ್ಲ. ನಾನಾಗ ಅಲ್ಲಿಗೆ ಬಂದ ಹೊಸ ಸರ್ಕಾರಿ ಸಾಹೇಬ. ಊರವರೆಲ್ಲ ದಡದಲ್ಲಿ ನಿಂತು ಬಲೆಯ ಹಗ್ಗ ಎಳೆಯುತ್ತಿದ್ದರು. ನಾನು ಕೊಡೆ ಹಿಡಿದು ನೋಡುತ್ತಿದ್ದೆ. ಮೀನು ದಡಕ್ಕೆ ಬಿದ್ದದ್ದೇ, "ಸಾಹೇಬರ ಪಾಲೆಲ್ಲಿ?" ಎಂದು ಗದರಿದೆ.

ಪಾಲು ಹಾಕುತ್ತಿದ್ದ ಅಕ್ಕು ತಲೆಯೆತ್ತಲಿಲ್ಲ. "ಇಲ್ಲಿ ಹಗ್ಗ ಹಿಡಿದವರಿಗೆ ಪಾಲು, ಸಾರ್. ಹಿಡಿಯಲು ಕೈಲಾಗದವರನ್ನೂ ನಾವು ಬಿಡುವುದಿಲ್ಲ. ಕಣ್ಣಿಲ್ಲದ ಕಾವೇರಜ್ಜಿಗೊಂದು, ಹಾಸಿಗೆ ಹಿಡಿದ ಸುಕ್ರನಿಗೊಂದು ಪಾಲು ಯಾವಾಗಲೂ ಇದೆ. ಇವತ್ತು ಮೂರು ಮಾಡಿದರಾಯಿತು."

ದೊಡ್ಡದೊಂದು ಅಂಜಲ್ ಮೀನನ್ನೇ ನನ್ನ ಕೈಗಿಟ್ಟಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಪಕ್ಕದಲ್ಲೇ ಕೂತಿದ್ದ ಕಾವೇರಜ್ಜಿ ತಡಕಾಡಿ ನನ್ನ ತೋಳು ಸವರಿದಳು.

"ತೋಳು ಗಟ್ಟಿಯಾಗೇ ಉಂಟಲ್ಲ, ಮಗಾ," ಎಂದಳು. "ಪಾಪ, ಏನಾಗಿದೆ ನಿನಗೆ?"