ಪುರುಸೊತ್ತಿಲ್ಲದ ಆಲೂಗಿಡ

ಬಿತ್ತನೆಯಾದ ಐವತ್ತನೇ ದಿನ, ಜಡಿಮಳೆಯಲ್ಲಿ ನಡೆದದ್ದು ಇದು. ಪ್ರಯೋಗದ ತಾಕಿನಲ್ಲಿ ಹೊಸ ತಳಿಯ ಆಲೂಗಿಡದ ಪಕ್ಕದಲ್ಲೇ ನಾಟಿ ಗಿಡವೊಂದಿತ್ತು. ಹೆಚ್ಚು ಗಡ್ಡೆ ಕೊಟ್ಟದ್ದು ಮುಂದಿನ ಬಿತ್ತನೆಗೆ, ಇನ್ನೊಂದು ಗೊಬ್ಬರದ ಗುಂಡಿಗೆ ಎಂಬುದು ಅಲ್ಲಿನ ನಿಯಮ.

"ಮೈತುಂಬ ಅಂಗಮಾರಿ ರೋಗದ ಕಲೆ ನಿನಗೆ. ತುಸು ದೂರ ನಿಲ್ಲಬಾರದೇ?" ಎಂದಿತು ಹೊಸ ತಳಿ.

"ಬೇರು ಬಿಟ್ಟಾಗಿದೆ, ಸ್ವಾಮಿ. ತಾವು ಗಡ್ಡೆ ಕಟ್ಟಿದಿರಾ?" ಎಂದು ನಾಟಿ ಗಿಡ ಕೇಳಿತು.

"ಪುರುಸೊತ್ತೆಲ್ಲಿ? ಹುಳುವಿಗೆ ವಿಷ ಅರೆಯಬೇಕು, ರೋಗಕ್ಕೆ ಕಾವಲು ಕೂರಬೇಕು, ಬರಗಾಲಕ್ಕೆ ನೀರು ಕೂಡಿಡಬೇಕು."

"ಮಳೆ ಸುರಿಯುತ್ತಿದೆಯಲ್ಲ, ಸ್ವಾಮಿ."

"ಬರಗಾಲವೇನು ಹೇಳಿ ಕೇಳಿ ಬರುತ್ತದೆಯೇ?"

"ನಿಜ. ನನಗೆ ಅಷ್ಟೆಲ್ಲ ಜವಾಬ್ದಾರಿಯಿಲ್ಲ," ಎಂದು ನಾಟಿ ಗಿಡ ಕೆಮ್ಮುತ್ತಲೇ ಮತ್ತೊಂದು ಗಡ್ಡೆ ಕಟ್ಟಿತು.

ಕೊಯ್ಲಿನ ದಿನ ವಿಜ್ಞಾನಿ ವಸುಧಾ ಎರಡರ ಬುಡವನ್ನೂ ಅಗೆದು ಬರೆದುಕೊಂಡಳು. ನಾಟಿ: ಕಲೆ ಇಪ್ಪತ್ತಾರು, ಗಡ್ಡೆ ಒಂಬತ್ತು. ಹೊಸ ತಳಿ: ಕಲೆ ಸೊನ್ನೆ, ಗಡ್ಡೆ ಸೊನ್ನೆ.