ಟೊಮೇಟೊ ಗಿಡದ ಮಕ್ಕಳು

ಕಾತ್ಯಾಯಿನಿಯವರ ತಾರಸಿಗೆ ಹೈಬ್ರಿಡ್ ಟೊಮೇಟೊ ಗಿಡ ಬಂದಾಗ ನಾಟಿ ಬದನೆ ಮುಖ ಸಿಂಡರಿಸಿತು. “ಕುಲಾಂತರಿಯೇ, ದೂರ ನಿಲ್ಲು!”

“ನಾನು ಕುಲಾಂತರಿಯಲ್ಲ, ಬದನೆಯಕ್ಕಾ. ಅವುಗಳೊಳಗೆ ಪ್ರಯೋಗಾಲಯದಲ್ಲಿ ಹೊರಗಿನ ವಂಶವಾಹಿ ಸೇರಿಸುತ್ತಾರೆ. ನನ್ನ ತಂದೆತಾಯಿ ಎರಡು ತಳಿಯ ಟೊಮೇಟೊಗಳು; ಮನುಷ್ಯರು ಪರಾಗ ಮುಟ್ಟಿಸಿ ಮದುವೆ ಮಾಡಿಸಿದರು, ಅಷ್ಟೇ.”

ಬದನೆಗೆ ನಾಚಿಕೆಯಾಯಿತು. “ತಪ್ಪಾಯಿತು ತಂಗಿ. ನಿನಗೆ ನಿನ್ನಂಥ ಮಕ್ಕಳೇ ಹುಟ್ಟಲಿ.”

ಟೊಮೇಟೊ ತಲೆ ತಗ್ಗಿಸಿತು. “ಆ ಭಾಗ್ಯ ನನಗಿಲ್ಲ. ನನ್ನಲ್ಲಿ ಕೂಡಿದ ಎರಡು ತಳಿಯ ಗುಣಗಳು ನನ್ನ ಬೀಜಗಳಲ್ಲಿ ಮತ್ತೆ ಬೇರೆಬೇರೆಯಾಗಿ ಹಂಚಿಹೋಗುತ್ತವೆ. ಒಂದು ಅಜ್ಜನಂತಾದೀತು, ಇನ್ನೊಂದು ಅಜ್ಜಿಯಂತೆ.”

ಹಣ್ಣಿನ ರುಚಿಗೆ ಮರುಳಾದ ಕಾತ್ಯಾಯಿನಿ ಬೀಜ ಎತ್ತಿಟ್ಟರು. ಟೊಮೇಟೊ ಗಿಡ ಒಣಗಿದ ಮೇಲೆ ಬಿತ್ತಿದರು. ಹುಟ್ಟಿದ ಗಿಡಗಳಲ್ಲಿ ಒಂದರ ಹಣ್ಣು ಚಪ್ಪಟೆ, ಇನ್ನೊಂದರದು ಗೋಲಿಯಷ್ಟು. “ಕೆಟ್ಟ ಬೀಜ!” ಎಂದು ಅವರು ಎಲ್ಲವನ್ನೂ ಕಿತ್ತೆಸೆದರು.

“ಕೆಟ್ಟವಲ್ಲ ತಾಯಿ, ಬೇರೆಯವು,” ಎಂದು ಬದನೆ ಕೂಗುತ್ತಲೇ ಇತ್ತು. ಗಿಡದ ಕೂಗು ಮನುಷ್ಯರ ಕಿವಿಗೆ ಬೀಳುವುದಿಲ್ಲ.